ಮೊಳೆಗೆ ಸಿಕ್ಕಿಸಿದ ಮೇಣದಬತ್ತಿ

ಮೋಸೆಲ್ ನದಿ ದಡದ ಆ ಊರಲ್ಲಿ, ಹೊಸ ದ್ರಾಕ್ಷಿರಸ ಪೀಪಾಯಿಗಳಲ್ಲಿ ನೊರೆಯೇಳುವ ದಿನಗಳಲ್ಲಿ, ಮೇಣದಬತ್ತಿ ಹಚ್ಚಿಕೊಳ್ಳದೆ ಯಾರೂ ನೆಲಮಾಳಿಗೆಗೆ ಇಳಿಯುವುದಿಲ್ಲ. ಅದನ್ನು ಮೊಣಕಾಲಿನ ಮಟ್ಟಕ್ಕೆ ಹಿಡಿಯಬೇಕು, ಏಕೆಂದರೆ ರಸದಿಂದ ಏಳುವ ಕೆಟ್ಟ ಗಾಳಿ ನೆಲದಲ್ಲೇ ಮಲಗಿರುತ್ತದೆ. ಬತ್ತಿ ಆರಿತೋ, ತಿರುಗಿ ಓಡಬೇಕು.

ನಲವತ್ತು ವರ್ಷ ತನ್ನ ನೆಲಮಾಳಿಗೆಯಲ್ಲಿ ದುಡಿದ ವೈನಾಂಟನಿಗೆ ಇದನ್ನು ಹೇಳಿಕೊಡಬೇಕಿತ್ತೇ? ಆದರೂ ಅಂದು, ಬಗ್ಗಿ ಮಾಡುವ ಕೆಲಸಕ್ಕೆ ಎರಡೂ ಕೈ ಬೇಕೆಂದು ಬತ್ತಿಯನ್ನು ತಲೆಯೆತ್ತರದ ಮೊಳೆಗೆ ಸಿಕ್ಕಿಸಿದ್ದ. ಆಚೆ ದಡದಿಂದ ಅವನನ್ನು ನೋಡಲು ಬಂದ ಅಕ್ಕ ಒಟಿಲಿ ಬಾಗಿಲಲ್ಲಿ ಇಣುಕಿದಾಗ ಬತ್ತಿ ಚೆನ್ನಾಗಿಯೇ ಉರಿಯುತ್ತಿತ್ತು. ಅದರ ಕೆಳಗೆ ತಮ್ಮ ಬೋರಲು ಬಿದ್ದಿದ್ದ.

ಅವಳು ಅಗ್ನಿಶಾಮಕದವರಿಗೆ ಫೋನ್ ಮಾಡುವಷ್ಟರಲ್ಲಿ ಅವನ ಹೆಂಡತಿ ಗೆರ್ಲಿಂಡೆ ಓಡಿ ಬಂದಳು. ಒಟಿಲಿ ಬಾಗಿಲಿಗೆ ಅಡ್ಡ ನಿಂತಳು.

"ಬಿಡಿ ಅತ್ತಿಗೆ! ಎಳ್ಕೊಂಡ್ ಬರ್ತೀನಿ!"

"ನಮ್ಮಪ್ಪ ಇಲ್ಲೇ ಬಿದ್ದಿದ್ದು. ಎಳ್ಕೊಂಡ್ ಬರ್ತೀನಿ ಅಂತ್ಲೇ ಚಿಕ್ಕಪ್ಪ ಇಳಿದ. ಆಮೇಲೆ ಎರಡು ಹೆಣ ಎತ್ತಿದ್ವಿ."

"ಅವ್ರು ಬರೋ ಹೊತ್ತಿಗೆ ನಿಮ್ ತಮ್ಮ ಸತ್ತೋಗಿರ್ತಾರೆ!"

"ಗೊತ್ತು ಕಣೇ."

ಗೆರ್ಲಿಂಡೆ ಅವಳ ಕೈ ಕಚ್ಚಿದಳು. ರಕ್ತ ಬಂತು. ಒಟಿಲಿ ಚೌಕಟ್ಟು ಬಿಡಲಿಲ್ಲ.

ಕೋಟೆ ನೋಡಿಕೊಂಡು ಬೆಟ್ಟ ಇಳಿದು ಬಂದ ಪ್ರವಾಸಿಗಳು ಅಂಗಳದಲ್ಲಿ ನಿಂತು, "ಹೊಸ ವೈನ್ ಸಿಗತ್ತಾ?" ಎಂದು ಕೇಳಿದರು.

"ಇವತ್ತಿಲ್ಲ" ಎಂದಳು ಒಟಿಲಿ.

ಅಗ್ನಿಶಾಮಕದವರು ಮುಖವಾಡ ತೊಟ್ಟು ಇಳಿದು ವೈನಾಂಟನ ಹೆಣವನ್ನು ಹೊತ್ತು ತಂದಾಗಲೂ, ಮೊಳೆಯ ಮೇಲಿನ ಬತ್ತಿ ಉರಿಯುತ್ತಲೇ ಇತ್ತು.