ಬೆರಳಗಲ ಜಾಗ

ರಬ್ಬರಿನ ಪುಡಿಯನ್ನು ಮತ್ತೆ ನನ್ನ ಕಡೆಗೇ ಊದಿದಳು, ಚಹಾದ ಲೋಟಕ್ಕೆ ಬಿತ್ತೇನೋ, ಬೀಳಲಿ, ಪೆನ್ಸಿಲ್ ನಿಂತಿಲ್ಲವಲ್ಲ, ಅಷ್ಟು ಸಾಕು — ತಾಯಿಗೆ ಮೂವತ್ತಾರು ವರ್ಷ, ಮಗಳಿಗೆ ಹನ್ನೆರಡು, ಎಷ್ಟು ವರ್ಷಗಳ ನಂತರ ತಾಯಿಯ ವಯಸ್ಸು ಮಗಳ ವಯಸ್ಸಿನ ಎರಡರಷ್ಟಾಗುತ್ತದೆ — ಈ ಪುಸ್ತಕ ಬರೆದ ಪುಣ್ಯಾತ್ಮನಿಗೆ ಬೇರೆ ಅಂಕಿ ಸಿಗಲಿಲ್ಲವೇ, ಇವಳಿಗೂ ಹನ್ನೆರಡೇ, ಅಕ್ಕ ಇದ್ದಿದ್ದರೆ ಅವಳಿಗೂ ಸರಿಯಾಗಿ ಮೂವತ್ತಾರು, ಹಾಲುಗಲ್ಲದ ಕೂಸನ್ನು ನನ್ನ ಮಡಿಲಿಗೆ ಹಾಕಿ ಇಪ್ಪತ್ನಾಲ್ಕಕ್ಕೇ ಹೊರಟುಬಿಟ್ಟಳು. ನಾಳೆ ಪರೀಕ್ಷೆ, ಈ ಸಲವೂ ಗಣಿತದಲ್ಲಿ ಹೋದರೆ ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಎಂದು ಟೀಚರ್ ಕರೆಸಿ ಹೇಳಿದ್ದಾರೆ, ಹಂತ ಹಾರಿಸುತ್ತಾಳೆ, ಮಿಡತೆ ಎಂದು ಹೆಸರಿಟ್ಟವಳು ನಾನೇ, ಅನುಭವಿಸಬೇಕು. ಆದರೆ ಇವತ್ತು ಹಾರಿಸಿಲ್ಲ, ಆ ವರ್ಷಗಳು ಎಕ್ಸ್ ಆಗಿರಲಿ, ಸರಿ, ಮಗಳಿಗೆ ಹನ್ನೆರಡು ಕೂಡಿಸು ಎಕ್ಸ್, ಸರಿ, ತಾಯಿಗೆ ಮೂವತ್ತಾರು — ಮೂವತ್ತಾರರ ಪಕ್ಕ ಬೆರಳಗಲ ಜಾಗ, ಅಲ್ಲಿ ಏನೂ ಇಲ್ಲ. ಎಕ್ಸ್ ಸಮ ಆರು ಬಂತು ಚಿಕ್ಕಿ, ತಾಳೆನೂ ನೋಡಿದೆ, ಆರು ವರ್ಷ ಆದ್ಮೇಲೆ ನಂಗೆ ಹದಿನೆಂಟು, ಎರಡರಷ್ಟು ಅಂದ್ರೆ ಮೂವತ್ತಾರು, ಸರಿಯಾಯ್ತಲ್ಲ. ನಂಗೆ ಅಂದಳು, ಮಗಳಿಗೆ ಅನ್ನಲಿಲ್ಲ.

ಸರಿಯಾಗಿಲ್ಲ ಮಿಡತೆ, ವರ್ಷ ಉರುಳಿದರೆ ಇಬ್ಬರಿಗೂ ಉರುಳುತ್ತದೆ, ಇಷ್ಟೇ ಹೇಳಬೇಕಾದದ್ದು, ಆದರೆ ಫ್ರಿಜ್ಜಿನ ಮೇಲಿನ ಫೋಟೋದಲ್ಲಿ ಅಕ್ಕ ವಕ್ರಹಲ್ಲು ತೋರಿಸಿ ನಗುತ್ತಲೇ ಇದ್ದಾಳೆ. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಬರುವವರು ಅಕ್ಷರ ಮಂಜು ಮಂಜು ಎನ್ನುತ್ತಾರೆ, ವಯಸ್ಸು ಕೇಳಿದರೆ ಮೂವತ್ತೆಂಟಕ್ಕಿಂತ ಮೇಲೆ ಯಾರೂ ಹತ್ತುವುದಿಲ್ಲ, ನಾನು ನಗು ನುಂಗಿಕೊಂಡು ನಲವತ್ತು ದಾಟಿದವರ ಓದುವ ಗಾಜನ್ನೇ ಹಾಕುತ್ತೇನೆ. ನನಗೂ ಬಿಳಿಕೂದಲು ಬಂತು, ಭಾನುವಾರ ಇವಳೇ ಹುಡುಕಿ ಕೀಳುತ್ತಾಳೆ. ಅಕ್ಕನ ಹಳೇ ಫ್ರಾಕುಗಳಲ್ಲೇ ಬೆಳೆದವಳು ನಾನು, ಎದುರು ಮಾತಾಡಿದರೆ, ಮೊದ್ಲು ನನ್ನಷ್ಟು ದೊಡ್ಡೋಳಾಗು ಆಮೇಲೆ ಮಾತಾಡು ಅನ್ನುತ್ತಿದ್ದಳು, ಈಗ ನಿನಗಿಂತ ಹತ್ತು ವರ್ಷ ದೊಡ್ಡವಳಾಗಿ ಕೂತಿದ್ದೇನಲ್ಲೇ, ಮಾತಾಡಲೇ, ನಿನ್ನ ಮಗಳಿಗೆ ನಾನು ಏನಂತ ಹೇಳಲಿ, ಆ ಜಾಗ ಖಾಲಿಯಾಗಿಯೇ ಇದೆ, ನಾಳೆ ಪರೀಕ್ಷೆ, ಹೇಳದಿದ್ದರೆ ಹೇಗೆ. ತಾಯಿಗೂ ಎಕ್ಸ್ ಕೂಡಿಸ್ಬೇಕು ಕಣೇ, ಅವಳಿಗೂ ವಯಸ್ಸಾಗುತ್ತೆ. ಹೇಳಿಬಿಟ್ಟೆ, ಎಂಥ ಹೆದರುಪುಕ್ಕಲಿ ನಾನು. ಅವಳು ಪುಸ್ತಕದಿಂದ ತಲೆ ಎತ್ತಲೇ ಇಲ್ಲ, ಓ, ಇದು ಲೆಕ್ಕದ ಅಮ್ಮ ಅಲ್ವಾ ಎಂದಳು, ಆ ಬೆರಳಗಲದಲ್ಲೇ ಒಂದು ಕೂಡಿಸು ಒಂದು ಎಕ್ಸ್ ತುರುಕಿದಳು, ಎರಡನ್ನು ಆವರಣದೊಳಗೆ ಗುಣಿಸಿದಳು, ಎಕ್ಸನ್ನು ಆಚೆ ದಾಟಿಸಿದಳು, ಇಪ್ಪತ್ನಾಲ್ಕನ್ನು ಈಚೆ ತಂದು ಕಳೆದಳು, ಹನ್ನೆರಡು, ಒಂದು ಹಂತವನ್ನೂ ಹಾರಿಸಲಿಲ್ಲ, ಪಾಸಾಗುತ್ತಾಳೆ, ಅಬ್ಬ, ಚಹಾ ತಣ್ಣಗಾದರೂ ರುಚಿಯಾಗಿದೆ, ರಬ್ಬರಿನ ಪುಡಿ ಸಮೇತ. ಪೆನ್ಸಿಲ್ ಇನ್ನೂ ನಿಂತಿಲ್ಲವಲ್ಲ, ಪುಸ್ತಕದಲ್ಲಿಲ್ಲದ್ದೇನೋ ಹಾಳೆಯ ಅಡಿಗೆ ಬರೆಯುತ್ತಿದ್ದಾಳೆ, ಇಪ್ಪತ್ನಾಲ್ಕು ಸಮ ಹನ್ನೆರಡು ಕೂಡಿಸು ಎಕ್ಸ್ — ನೋಡು ಚಿಕ್ಕಿ, ನಮ್ಮಮ್ಮಂಗೂ ಹನ್ನೆರಡೇ ಬಂತು, ಆಗ ನಾನೂ ಅಮ್ಮನೂ ಸಮ, ಇದು ಸರಿನಾ — ಸರಿ ಕಣೇ, ಹಂತವೂ ಸರಿ, ತಾಳೆಯೂ ಸರಿ, ಇಪ್ಪತ್ನಾಲ್ಕರ ಪಕ್ಕ ಬೆರಳಗಲ ಜಾಗ, ಪೆನ್ಸಿಲ್ ನನ್ನ ಕೈಗೆ ಕೊಟ್ಟಿದ್ದಾಳೆ, ಸರಿ ಗುರುತು ಹಾಕಲು, ಇಪ್ಪತ್ನಾಲ್ಕರ ಪಕ್ಕ, ಬೆರಳಗಲ, ಖಾಲಿ