ಎರಡು ಬೆರಳು ಕೆಳಗೆ

"ಕೈ ತೆಗಿ ಅದರ ಮೇಲಿಂದ! ಅದು ಸಿಗ್ನೆ ಮೇಜು. ನಿಮ್ಮ ಗುತ್ತಿಗೆ ಮಂದಿ ಮೇಜು ಗೋಡೆ ಹತ್ರ ಇಲ್ವಾ?"

ಬಾಯಲ್ಲಿದ್ದ ದಾಲ್ಚಿನ್ನಿ ರೊಟ್ಟಿಯನ್ನು ಅಗಿಯುತ್ತಲೇ ಪ್ರೆಬೆನ್ ಗದರಿದ. ಎಸ್ಬ್ಯೇರ್ ಬಂದರಿನ ಆ ವಿಮಾ ಕಚೇರಿಗೆ ಅವನೇ ಮೇಲ್ವಿಚಾರಕ. ಬೋದಿಲ್ ಮೇಜಿನಂಚಿನ ಗುಂಡಿಯ ಮೇಲಿಟ್ಟಿದ್ದ ಬೆರಳನ್ನು ಹಿಂದಕ್ಕೆಳೆದುಕೊಂಡಳು. ಒತ್ತಿದ್ದರೆ ಮೇಜು ಮೇಲೇಳುತ್ತಿತ್ತು. ಒಂದಿಷ್ಟು ಹೊತ್ತು ನಿಂತು ಕೆಲಸ ಮಾಡಿದ್ದರೆ ಕುತ್ತಿಗೆಗೆ ಉಸಿರು ಬರುತ್ತಿತ್ತು.

"ಒಂದು ಗಳಿಗೆ ನಿಂತ್ಕೊಳ್ಳೋಣ ಅಂತ..."

"ನಿಂತ್ಕೊಳ್ಳೋ ಚಪಲ ಇದ್ರೆ ಹೋಗಿ ಮೀನು ಕೊಯ್ಯಿ. ಅಲ್ಲಿ ದಿನವಿಡೀ ನಿಲ್ಲಿಸ್ತಾರೆ."

ಕೆಲವರು ನಕ್ಕರು. ಸಿಗ್ನೆ ಮಾತ್ರ ನಗದೆ ತಲೆ ತಗ್ಗಿಸಿದಳು. ಅದಕ್ಕೇ ಬೋದಿಲ್‌ಗೆ ಹೆಚ್ಚು ಉರಿಯಿತು. ಅವಳೂ ನಕ್ಕಿದ್ದರೆ ಮನಸಾರೆ ಬೈದುಕೊಳ್ಳಬಹುದಿತ್ತು.

ತಲೆಗೆ ಹಾಕಿಕೊಳ್ಳುವ ಫೋನು ಕಾಯಂ ನೌಕರರಿಗೆ ಮಾತ್ರ. ಗುತ್ತಿಗೆಯವರು ಹಳೆಯ ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಅವುಚಿಕೊಂಡು, ಬಿರುಗಾಳಿಗೆ ಹಾರಿಹೋದ ಹೆಂಚು, ಉರುಳಿದ ಬೇಲಿಗಳ ಕಥೆ ಕೇಳುತ್ತ ಎರಡೂ ಕೈಯಲ್ಲಿ ಟೈಪು ಮಾಡಬೇಕು. ಸಂಜೆಯಾಗುವಷ್ಟರಲ್ಲಿ ಕಿವಿಯ ಹಿಂದಿನಿಂದ ಹೆಗಲಿನವರೆಗೆ ಯಾರೋ ಕಬ್ಬಿಣದ ಸಲಾಕೆ ಹೊಡೆದಂತಾಗುತ್ತಿತ್ತು. ಚರ್ಚಿನಲ್ಲಿ ಪಕ್ಕದವಳಿಗೆ ಸ್ತೋತ್ರದ ಪುಟ ತೋರಿಸಬೇಕಾದರೂ ಬೋದಿಲ್ ಇಡೀ ಮೈಯನ್ನೇ ತಿರುಗಿಸುತ್ತಿದ್ದಳು. ಬಾಲ್ಯದಿಂದ ಬಾಯಿಪಾಠವಾದ ಸ್ತೋತ್ರದ ಪದಗಳು ಈಗಲೂ ತಪ್ಪದೆ ಬರುತ್ತಿದ್ದವು, ತಲೆ ಮಾತ್ರ ಮೇಲೇಳುತ್ತಿರಲಿಲ್ಲ.

ದಿನಾ ಹತ್ತು ಗಂಟೆಗೆ ಹಾಡು ಹಾಕುತ್ತಿದ್ದರು. ಕಾಯಂ ನೌಕರರು ಸುತ್ತುಗಟ್ಟಿ ನಿಂತು ಕೆಂಪು ರಬ್ಬರು ಪಟ್ಟಿ ಹಿಡಿದು ಭುಜ ಎಳೆಯುವ ಹೊತ್ತು ಅದು. ಕುತ್ತಿಗೆ ಕಾಪಾಡಿಕೊಳ್ಳಲು ಕಚೇರಿಯೇ ಕೊಟ್ಟ ಬಿಡುವು. ಅಷ್ಟು ಹೊತ್ತು ಅವರಿಗೆ ಬರುವ ಕರೆಗಳೆಲ್ಲ ಗೋಡೆ ಬದಿಯ ಗುತ್ತಿಗೆಯವರ ಫೋನಿಗೆ ತಿರುಗಿಬಿಡುತ್ತಿದ್ದವು.

"ಅವರ ಕತ್ತಿನ ನೋವೂ ಇದೇ ತಂತೀಲಿ ಬರ್ತದೆ ಕಣೇ," ಎಂದಳು ಪಕ್ಕದ ಗುತ್ತಿಗೆಯವಳು ಲೋನೆ, ಒಂದು ಕರೆ ಮುಗಿಸಿ ಇನ್ನೊಂದನ್ನು ಎತ್ತುತ್ತ.

ಬೋದಿಲ್‌ಳ ಕಣ್ಣು ಸಿಗ್ನೆಯ ಮೇಲಿತ್ತು. ಇಬ್ಬರೂ ಒಂದೇ ದಿನ ಈ ಗೋಡೆಯ ಪಕ್ಕ ಬಂದು ಕೂತವರು, ರೈ ರೊಟ್ಟಿಯನ್ನು ಮುರಿದು ಹಂಚಿಕೊಂಡವರು. "ಇವಳ ದನೀಲಿ ನಗು ಇದೆ" ಎಂದು ಪ್ರೆಬೆನ್ ಸಿಗ್ನೆಯನ್ನು ಕಾಯಂ ಮಾಡಿದ್ದ. ಈಗ ಅವಳಿಗೆ ಏಳುವ ಮೇಜು, ಪ್ರತಿ ಗುರುವಾರ ಕಚೇರಿಗೇ ಬಂದು ಭುಜ ತಿಕ್ಕುವವನು. ಸಿಗ್ನೆ ತೋಳು ಚಾಚಿದಾಗ ಕತ್ತು ಎಷ್ಟು ಸಲೀಸಾಗಿ ತಿರುಗುತ್ತದೆ! ಬೋದಿಲ್ ಅದನ್ನು ಹಸಿದವರು ಬೇಕರಿಯ ಗಾಜು ನೋಡುವಂತೆ ನೋಡುತ್ತಿದ್ದಳು.

ಮೇಜುಗಳಿಗೆ ನೆನಪಿರುತ್ತಿತ್ತು. ಒಂದು ಗುಂಡಿ ಒತ್ತಿದರೆ ಮೇಜು ತನ್ನ ಒಡತಿಗೆ ಬೇಕಾದ ಎತ್ತರಕ್ಕೆ ಬಂದು ನಿಲ್ಲುತ್ತಿತ್ತು. ಅಂದು ಸಂಜೆ ಎಲ್ಲರೂ ಕೋಟು ಹಾಕಿಕೊಳ್ಳುತ್ತಿದ್ದಾಗ ಬೋದಿಲ್ ಬಗ್ಗಿ ಸಿಗ್ನೆ ಮೇಜಿನ ಆ ನೆನಪನ್ನೇ ತಿದ್ದಿದಳು. ಎರಡು ಬೆರಳು ಕೆಳಗೆ. ಸಾಯಲಿ ಮುಂಡೇದು, ಇವಳೂ ಬಗ್ಗಲಿ.

ಚಳಿ ಏರುವ ಹೊತ್ತಿಗೆ ಸಿಗ್ನೆ ಭುಜ ಹಿಸುಕಿಕೊಳ್ಳತೊಡಗಿದಳು. ಬೋದಿಲ್‌ಗೆ ಹಬ್ಬ. ಆದರೆ ತಿಕ್ಕುವವನು ಮಂಗಳವಾರವೂ ಬರತೊಡಗಿದಾಗ ಹೊಟ್ಟೆಯ ಉರಿ ಮತ್ತೆ ಹೊತ್ತಿತು. ಥೂ, ಇವಳಿಗೆ ನೋವೂ ಭಾಗ್ಯವೇ!

ಆಮೇಲೆ ಒಂದು ದಿನ ಪ್ರೆಬೆನ್ ಬೋದಿಲ್‌ಳನ್ನು ಕರೆದ.

"ಸಿಗ್ನೆ ವಾಪಸ್ ಗುತ್ತಿಗೆಗೆ, ಗೋಡೆ ಕಡೆ ಹೋಗ್ತಾಳೆ. ದಿನಾ ಭುಜನೋವಿನ ರಗಳೆ ಅವಳದ್ದು. ಆ ಮೇಜು ನಿಂಗೆ ಕೊಡ್ಬೋದು. ಕತ್ತು ನೆಟ್ಟಗಿದೆ ತಾನೇ? ತಿರುಗಿಸು, ನೋಡೋಣ."

ಸಂತೆಯಲ್ಲಿ ಕುದುರೆ ಕೊಳ್ಳುವವನಂತೆ ಅವನು ಕುರ್ಚಿಗೆ ಒರಗಿದ. ಬೋದಿಲ್ ಎಡಕ್ಕೆ ತಿರುಗಿಸಿದಳು. ಬಲಕ್ಕೆ ತಿರುಗಿಸುವಾಗ ಕಣ್ಣೆದುರು ಕಿಡಿ ಹಾರಿತು. ಹಲ್ಲು ಕಚ್ಚಿ ನಕ್ಕಳು.

"ಭೇಷ್. ಸೋಮವಾರದಿಂದ ಅಲ್ಲಿ ಕೂತ್ಕೊ."

ಸೋಮವಾರ ಹತ್ತಕ್ಕೆ ಹಾಡು ಶುರುವಾಯಿತು. ಪ್ರೆಬೆನ್ ಬೋದಿಲ್‌ಳ ಕೈಗೆ ಹೊಸ ಕೆಂಪು ಪಟ್ಟಿ ಕೊಟ್ಟ. ಗೋಡೆಯ ಬಳಿ ಸಿಗ್ನೆ ರಿಸೀವರನ್ನು ಹೆಗಲಿಗೆ ಅವುಚಿಕೊಂಡಿದ್ದಳು. ನೋವಿಗೆ ಅವಳ ತುಟಿ ಬಿಳಿಚಿತ್ತು.

"ಆ ಕಡೆ ಏನ್ ನೋಡ್ತೀಯ?" ಎಂದ ಪ್ರೆಬೆನ್. "ಗುತ್ತಿಗೆ ಕತ್ತು ಅದು. ಮುರಿದ್ರೆ ಇನ್ನೊಂದು ಕಳಿಸ್ತಾರೆ."

ಮೊನ್ನೆಯವರೆಗೆ ಆ ಕತ್ತು ತನ್ನದಾಗಿತ್ತು. ಬೋದಿಲ್ ಗುಂಪಿನಿಂದ ಹೊರಬಂದು ನೇರ ಗೋಡೆಯ ಬಳಿಗೆ ನಡೆದಳು.

"ಫೋನ್ ಇಡೇ."

"ನೀ ಹೋಗಿ ಕುಣಿ," ಎಂದಳು ಸಿಗ್ನೆ. "ಮೇಜು ಸಿಕ್ತಲ್ಲ."

"ನಿನ್ ಮೇಜು ಇಳಿಸಿದ್ದು ನಾನೇ."

"ಗೊತ್ತು, ಬೇವರ್ಸಿ. ಎತ್ತರ ತಪ್ಪಿದ್ದು ತಿಳಿಯೋ ಹೊತ್ತಿಗೆ ಕತ್ತು ಹೋಗಿತ್ತು. ಮೇಜಿನ ಬಗ್ಗೆ ಕಿರಿಕಿರಿ ಮಾಡಿದ್ರೆ ಕಿತ್ಕೊಂಡು ಬಿಡ್ತಾನೆ ಅಂತ ಬಾಯಿ ಮುಚ್ಕೊಂಡಿದ್ದೆ. ನಿನ್ ಜಾಗದಲ್ಲಿ ನಾನಿದ್ದಿದ್ರೆ ನಾಲ್ಕು ಬೆರಳು ಇಳಿಸ್ತಿದ್ದೆ."

ಬೋದಿಲ್ ಪಟ್ಟಿಯ ಒಂದು ತುದಿಯನ್ನು ಅವಳೆದುರು ಚಾಚಿದಳು. ಸಿಗ್ನೆ ಅದನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ರಿಸೀವರನ್ನು ಮೇಜಿನ ಮೇಲೆ ಒಗೆದು, ಎದ್ದು, ತುದಿ ಹಿಡಿದಳು. ಹಿಡಿದವಳೇ ಬೋದಿಲ್‌ಳ ತೋಳನ್ನೇ ಕಿತ್ತುಹಾಕುವಂತೆ ಎಳೆದಳು. ಬೋದಿಲ್‌ಳ ಕತ್ತಿನಲ್ಲಿ ಬೆಂಕಿ ಹರಿಯಿತು. ಬಿಡದೆ ಅವಳೂ ಎಳೆದಳು. ಲೋನೆ ತನ್ನ ಕಿವಿಯ ಫೋನು ಕೆಳಗಿಟ್ಟಳು. ಅವಳ ಪಕ್ಕದವಳೂ ಇಟ್ಟಳು.

"ಏಯ್! ಫೋನ್ ಯಾರು ಎತ್ತೋರು?" ಪ್ರೆಬೆನ್ ಕಿರುಚಿದ.

ಗೋಡೆಯುದ್ದಕ್ಕೂ ಫೋನುಗಳು ಬಡಿದುಕೊಳ್ಳುತ್ತಿದ್ದವು. ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನುಂಗುವಂತೆ ನೋಡುತ್ತ ಎಳೆಯುತ್ತಲೇ ಇದ್ದರು. ಕೆಂಪು ಪಟ್ಟಿ ತೆಳ್ಳಗಾಗಿ, ಬೆಳ್ಳಗಾಗಿ, ಇನ್ನೂ ಹರಿಯದೆ ನಡುಗುತ್ತಿತ್ತು.