ಹೆಬ್ಬೆರಳಿನ ಗುಂಡಿ

ಕುಸ್ತಿಪಟುವಿನ ಮುಖವಾಡ ಕಳಚುವುದನ್ನು ಜನ ಒಂದೇ ಸಲ ನೋಡುತ್ತಾರೆ. ಸೋತವನು ಅಖಾಡದ ನಡುವೆ ಮಂಡಿಯೂರಿ, ತನ್ನ ನಿಜವಾದ ಹೆಸರು ಹೇಳಿ, ಮುಖವಾಡ ತೆಗೆದು ತಲೆಯೆತ್ತುತ್ತಾನೆ. ಮರುಕ್ಷಣವೇ ಮುಖದ ಮೇಲೆ ಟವೆಲ್ ಎಳೆದುಕೊಂಡು ಹೋಗಿಬಿಡುತ್ತಾನೆ. ಆ ಸೋಮವಾರ ನಮ್ಮ ಪುಯೆಬ್ಲಾ ನಗರದಲ್ಲಿ ಕಾರ್ಬೊನೆರೊ ಎಂಬ ಕುಸ್ತಿಪಟುವಿನ ಮುಖವಾಡ ಪಣಕ್ಕಿತ್ತು. ಜೊತೆಗೆ ನನ್ನ ಕೆಲಸವೂ ಪಣಕ್ಕಿತ್ತು. ಅಖಾಡದ ಪಕ್ಕ ಇಬ್ಬರು ಫೋಟೊದವರು ಇನ್ನು ಬೇಡ, ಯಾರ ಚಿತ್ರ ಮುಖಪುಟಕ್ಕೆ ಬರುತ್ತದೋ ಅವರೇ ಉಳಿಯುತ್ತಾರೆ ಎಂದು ಪತ್ರಿಕೆಯವರು ಖಡಾಖಂಡಿತವಾಗಿ ಹೇಳಿದ್ದರು.

ಇಬ್ಬರೆಂದರೆ ಒಬ್ದೂಲಿಯಾ ಎಂಬ ನಾನು, ಮತ್ತು ಎರಿಬೆರ್ತೊ. ಅವನು ನನ್ನ ಮಗಳು ಇತ್ಸೆಲ್‌ಗೆ ಪದ್ರಿನೊ, ಅಂದರೆ ಧರ್ಮಪಿತ. ಜ್ಞಾನಸ್ನಾನದ ದಿನ ಅವಳನ್ನು ಎತ್ತಿಕೊಂಡು ಪಾದ್ರಿಯ ಮುಂದೆ ನಿಂತವನು. ಅಂದಿನಿಂದ ಅವನು ನನಗೆ ಕೊಂಪಾದ್ರೆ, ನಾನು ಅವನಿಗೆ ಕೊಮಾದ್ರೆ. ಒಡಹುಟ್ಟಿದವರ ಮೇಲೆ ಮುನಿಸಿಕೊಂಡರೂ ಈ ನಂಟನ್ನು ನಾವು ಮುರಿದುಕೊಳ್ಳುವುದಿಲ್ಲ.

ಅವನಿಗೆ ಕೆಲಸ ಕಲಿಸಿದವಳೂ ನಾನೇ. ಮೊದಮೊದಲು ಅವನ ಚಿತ್ರಗಳಲ್ಲಿ ಅಖಾಡದ ಹಗ್ಗ ಸ್ಪಷ್ಟ, ಕುಸ್ತಿಪಟು ಮಸುಕು. "ಹಗ್ಗದ ವ್ಯಾಪಾರಕ್ಕೆ ಇಳಿದಿದೀಯೇನೋ?" ಎಂದು ರೇಗಿಸಿ, ಕ್ಲಿಕ್ ಗುಂಡಿಯಿಂದ ಫೋಕಸ್ ತೆಗೆದು ಹಿಂಬದಿಯ ಗುಂಡಿಗೆ ಹಾಕಿಕೊಟ್ಟೆ. ಹೆಬ್ಬೆರಳಿಗೆ ಫೋಕಸ್, ತೋರುಬೆರಳಿಗೆ ಬರೀ ಕ್ಲಿಕ್. ಮುಂಬದಿಯ ಗುಂಡಿಗೆ ಬೆಳಕಿನ ಅಳತೆ, ಅದೂ ಮುಖದ ಮೇಲಿನ ಬೆಳಕಷ್ಟೇ. ಇಲ್ಲದಿದ್ದರೆ ಮೇಲಿನ ಬಿಳಿ ದೀಪಗಳಿಗೆ ಮೋಸಹೋಗಿ ಕ್ಯಾಮೆರಾ ಮುಖವನ್ನು ಕಪ್ಪು ಮಾಡಿಬಿಡುತ್ತದೆ. ನನ್ನ ಕ್ಯಾಮೆರಾದಲ್ಲಿ ಹೇಗಿತ್ತೋ ಅವನದರಲ್ಲೂ ಹಾಗೇ. ಬೇರೆ ಯಾರಿಗೂ ನಾನದನ್ನು ಹೇಳಿಕೊಟ್ಟಿರಲಿಲ್ಲ.

ಮೂರನೆಯ ಸುತ್ತಿನಲ್ಲಿ ಕಾರ್ಬೊನೆರೊ ಸೋತ. ಗ್ಯಾಲರಿ ಹುಚ್ಚೆದ್ದು ಕೂಗಿತು. ಯಾರೋ ಎರಚಿದ ಬಿಯರ್ ಸೀದಾ ನನ್ನ ಲೆನ್ಸ್ ಮೇಲೆ ಬಿತ್ತು. ಹಾಗಾದಾಗ ಪಕ್ಕದವರು ಒರೆಸಿಕೊಡುವುದು ನಮ್ಮಲ್ಲಿ ರೂಢಿ, ಏಕೆಂದರೆ ಎದ್ದವರ ಜಾಗ ಹೋದ ಹಾಗೆಯೇ.

"ಕೊಡು ಕೊಮಾದ್ರೆ, ನನ್ನತ್ರ ಒಣಬಟ್ಟೆ ಇದೆ. ನೀನು ಜಾಗ ಬಿಡ್ಬೇಡ."

"ಬೇಗ ಕಣೋ, ಮುಖವಾಡದ ದಾರ ಬಿಚ್ತಾ ಇದಾರೆ!"

"ಅವಸರ ಮಾಡ್ಬೇಡ್ವೆ, ಅಂಟಂಟಾಗಿದೆ."

ನನಗೆ ಬೆನ್ನು ಹಾಕಿ ಕೂತು ಒರೆಸಿದ. ಕಾರ್ಬೊನೆರೊ ತನ್ನ ಹೆಸರು ಹೇಳುವ ಹೊತ್ತಿಗೆ ಕ್ಯಾಮೆರಾ ಕೈಗಿತ್ತ. ಮುಖವಾಡ ಕಳಚಿತು. ಹೆಬ್ಬೆರಳು ಒತ್ತಿದೆ. ಊಹೂಂ. ಇನ್ನೊಮ್ಮೆ ಒತ್ತಿದೆ, ಲೆನ್ಸ್ ಅಲುಗಲೇ ಇಲ್ಲ. ಗಾಬರಿಯಲ್ಲಿ ಕ್ಲಿಕ್ ಮೇಲೆ ಕ್ಲಿಕ್ ಮಾಡಿದೆ. ಪಕ್ಕದಲ್ಲಿ ಎರಿಬೆರ್ತೊನ ಕ್ಯಾಮೆರಾ ಪಟಪಟನೆ ಹೊಡೆಯುತ್ತಿತ್ತು. ಕಾರ್ಬೊನೆರೊನ ಮುಖದ ಮೇಲೆ ಟವೆಲ್ ಬಿತ್ತು. ನನ್ನ ಚಿತ್ರಗಳಲ್ಲೆಲ್ಲ ಮುಖದ ಜಾಗದಲ್ಲಿ ಜೋಳದ ಹಿಟ್ಟಿನ ಉಂಡೆ.

"ಗುಂಡಿ ಒಳಗೆ ಬಿಯರ್ ಇಳಿದಿರ್ಬೇಕು. ಹಣೆಬರಹ, ಬಿಡು," ಎಂದು ತಲೆ ಸವರಿದ. ಅವನ ಹೆಗಲಿಗೇ ಒರಗಿ ಅತ್ತೆನಲ್ಲ, ಥೂ!

ಮರುದಿನ ಮುಖಪುಟದಲ್ಲಿ ಅವನ ಚಿತ್ರ. ಅಡುಗೆಮನೆಯಲ್ಲಿ ಕೂತು ನಾನು ಕ್ಯಾಮೆರಾದ ಸೆಟ್ಟಿಂಗ್ ತೆಗೆದು ನೋಡಿದೆ. ಹಿಂಬದಿಯ ಗುಂಡಿಗೆ ಈಗ ಯಾವ ಕೆಲಸವೂ ಇರಲಿಲ್ಲ. ಬಿಯರ್ ಇಳಿದರೆ ಗುಂಡಿ ಕೆಡಬಹುದು, ಅದರ ಸೆಟ್ಟಿಂಗ್ ಬದಲಾಗುತ್ತದೆಯೇ? ಎಲ್ಲವೂ ಅಳಿಸಿಹೋಗಿದ್ದರೆ ಕ್ಲಿಕ್ ಗುಂಡಿಗೆ ಫೋಕಸ್ ವಾಪಸ್ ಬಂದಿರಬೇಕಿತ್ತು. ಬಂದಿರಲಿಲ್ಲ. ಬೆಳಕಿನ ಅಳತೆ ನಾನಿಟ್ಟ ಹಾಗೇ ಇತ್ತು. ಬೇಕೆಂದೇ ಅದೊಂದನ್ನು ಹುಡುಕಿ ಸಾಯಿಸಿದ್ದರು. ಅದು ಸತ್ತರೆ ನಾನು ಕುರುಡಿ ಎಂದು ಗೊತ್ತಿದ್ದವನು ಒಬ್ಬನೇ.

ಕೆಲಸ ಹಾಳಾಗಿ ಹೋಗಲಿ, ಬಾಯಿಬಿಟ್ಟು ಕೇಳಿದ್ದರೆ ಬಿಟ್ಟುಕೊಡುತ್ತಿದ್ದೆನೋ ಏನೋ. ನಂಬಿದವಳ ಕತ್ತು ಕೊಯ್ದು, ಆಮೇಲೆ ತಲೆ ಬೇರೆ ಸವರಿದನಲ್ಲ, ಪಾಪಿ!

ಮುಂದಿನ ಸೋಮವಾರ, ಜನ ಸೇರುವ ಮೊದಲೇ, ಪ್ರೆಸ್ ಪಾಸ್ ಹಿಂದಿರುಗಿಸಲು ಹೋದೆ. ಖಾಲಿ ಅಖಾಡದ ಹಗ್ಗಕ್ಕೆ ಒರಗಿ, ಆ ಮುಖಪುಟ ಹಿಡಿದು ಎರಿಬೆರ್ತೊ ನಿಂತಿದ್ದ.

"ಬಾ ಬಾ ಕೊಮಾದ್ರೆ! ಈ ಪೇಪರ್ ಹಿಡ್ಕೊಂಡು ನಂದೊಂದು ಫೋಟೊ ಬೇಕಿತ್ತು. ನೀನೇ ತೆಗಿ, ನಿನ್ನ ಕೈಗುಣವೇ ಬೇರೆ."

ತನ್ನ ಕ್ಯಾಮೆರಾವನ್ನು ನನ್ನ ಕೈಗಿಟ್ಟ. ಕಣ್ಣಿಗೆ ಹಿಡಿದು ಹೆಬ್ಬೆರಳು ಒತ್ತಿದೆ. ತಟ್ಟನೆ ಅವನ ಕಣ್ಣುಗಳು ಸ್ಪಷ್ಟವಾದವು. ಹಲ್ಲು ಕಿರಿದ.

"ನಿನ್ನದ್ರಲ್ಲಿ ಗುಂಡಿ ಚೆನ್ನಾಗಿ ಕೆಲ್ಸ ಮಾಡ್ತಿದೆಯಲ್ಲೋ."

"ಏನಂದೆ?"

"ನನ್ನದ್ರಲ್ಲಿ ಬಿಯರ್ ಇಳಿದಿರ್ಲಿಲ್ಲ ಕಣೋ. ಸೆಟ್ಟಿಂಗ್ ನೋಡ್ದೆ." ಕ್ಯಾಮೆರಾ ಕಣ್ಣಿನಿಂದ ಇಳಿಸಲಿಲ್ಲ. "ಪದ್ರಿನೊ ಯಾಕೆ ಮನೆ ಕಡೆ ಬಂದಿಲ್ಲ ಅಂತ ಇತ್ಸೆಲ್ ಕೇಳ್ತಾ ಇದ್ಲು. ಏನಂತ ಹೇಳ್ಲಿ?"

ನಗು ನಿಂತಿತು. ಕೈಯಲ್ಲಿದ್ದ ಪೇಪರ್ ಎತ್ತಿ ಮುಖ ಮರೆಸಿಕೊಳ್ಳಲು ಹೋದ. ಅಷ್ಟರಲ್ಲಿ ನಾನು ಕ್ಲಿಕ್ ಮಾಡಿಯಾಗಿತ್ತು.

ಕ್ಯಾಮೆರಾವನ್ನು ಅವನ ಕೊರಳಿಗೆ ಹಾಕಿದೆ.

"ನೋಡ್ಕೋ, ಮುಖ ಸ್ಪಷ್ಟವಾಗಿ ಬಂದಿದೆ," ಎಂದು ಹೇಳಿ ಹೊರಟೆ.